ತಾರಸಿ ತಣ್ಣಗಾದರೆ ಮೀಟರೂ ನಿಧಾನ

ಪ್ರಶ್ನೆ: ನಮ್ಮದು ಮೇಲಿನ ಮಹಡಿ. ರಾತ್ರಿ ಹನ್ನೊಂದಾದರೂ ಸೆಕೆ ಇಳಿಯುವುದಿಲ್ಲ. ಎಸಿ ಹಾಕಿಸುವ ಮೊದಲು ತಾರಸಿಗೆ ಬಿಳಿ ಬಣ್ಣ ಬಳಿಸಿ ನೋಡೋಣವೇ? ಹಿಂದೊಮ್ಮೆ ಬಳಿಸಿದ್ದು ಒಂದೇ ಮಳೆಗಾಲಕ್ಕೆ ಪದರ ಪದರವಾಗಿ ಎದ್ದುಬಂತು.

ಉತ್ತರ: ಬಳಿಸಿ, ಎಸಿಗಿಂತ ಮೊದಲು ಆಗಬೇಕಾದ ಕೆಲಸವೇ ಅದು. ಕಾಂಕ್ರೀಟ್ ಹಗಲಿಡೀ ಕಾದು, ಆ ಶಾಖವನ್ನು ಕೆಲವು ಗಂಟೆ ತಡವಾಗಿ ಮನೆಯೊಳಗೆ ಬಿಡುತ್ತದೆ. ಈಗ ಎಸಿ ಹಾಕಿಸಿದರೆ ಅದು ರಾತ್ರಿಯೆಲ್ಲ ತಾರಸಿಯ ಜೊತೆಗೇ ಗುದ್ದಾಡಬೇಕು. ಹಳೆಯ ಬೂದು ಕಾಂಕ್ರೀಟು ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಒಳ್ಳೆಯ ಬಿಳಿ ಲೇಪನ ಹೊಸದರಲ್ಲಿ ಶೇ 80ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ.

ಬಣ್ಣ ಎದ್ದುಬರಲು ಸಾಮಾನ್ಯ ಕಾರಣ ಒಳಗೆ ಉಳಿದ ತೇವ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತಾರಸಿಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಹನಿಗಳು ಕಂಡರೆ, ಅಥವಾ ಆ ಜಾಗ ಕಪ್ಪಗಾಗಿದ್ದರೆ ಇನ್ನೂ ಒಣಗಿಲ್ಲವೆಂದೇ ಅರ್ಥ. ಪೇಂಟರ್ ಎಷ್ಟೇ ಅವಸರ ಮಾಡಿದರೂ ಒಪ್ಪಬೇಡಿ.

ಮೊದಲು ಪಾಚಿ ಮತ್ತು ಸಡಿಲ ಬಣ್ಣವನ್ನು ತಂತಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬಿರುಕುಗಳನ್ನು ‘ವಿ’ ಆಕಾರದಲ್ಲಿ ಸ್ವಲ್ಪ ಬಿಡಿಸಿ, ಹಿಗ್ಗಿ ಕುಗ್ಗುವ ಫಿಲ್ಲರ್ ತುಂಬಿಸಿ. ಗಟ್ಟಿ ಸಿಮೆಂಟ್ ತುಂಬಿದರೆ ಬಿಸಿಲಿಗೆ ಅಲ್ಲೇ ಮತ್ತೆ ಸೀಳುತ್ತದೆ. ನೀರು ನಿಲ್ಲುವ ತಗ್ಗನ್ನೂ ಈಗಲೇ ಸರಿಪಡಿಸಿ. ಆಮೇಲೆ, ಹಾಳೆಯ ಪರೀಕ್ಷೆಯಲ್ಲಿ ಒಣಗಿದ್ದು ಖಚಿತವಾದ ಮೇಲೆ ಪ್ರೈಮರ್, ಅದರ ಮೇಲೆ ಎರಡು ಕೋಟ್. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಗೋಡೆಯ ಡಿಸ್ಟೆಂಪರ್ ಇಲ್ಲಿ ಬಾಳುವುದಿಲ್ಲ, ತಾರಸಿಗೆಂದೇ ಇರುವ ಲೇಪನ ಬೇಕು. ದೂಳು ಕೂತಷ್ಟೂ ಗುಣ ಇಳಿಯುವುದರಿಂದ ಬೇಸಿಗೆಗೆ ಮುನ್ನ ಒಮ್ಮೆ ತೊಳೆಯುವುದನ್ನು ಮರೆಯಬೇಡಿ.

ಪ್ರಶ್ನೆ: ಬಾಡಿಗೆ ಮನೆ. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿದರೂ ಸಂಜೆ ಕೋಣೆ ಕಾಯುತ್ತದೆ.

ಉತ್ತರ: ಪರದೆ ಇರುವುದು ಗಾಜಿನ ಒಳಗೆ. ಬಿಸಿಲು ಗಾಜು ದಾಟಿ ಬಂದ ಮೇಲೆ ತಡೆದರೆ ಪರದೆಯೇ ಕಾದು ಕೋಣೆಗೆ ಶಾಖ ಬಿಡುತ್ತದೆ. ಅದೇ ನೆರಳನ್ನು ಹೊರಗೆ ಕಟ್ಟಿ. ಬಿದಿರಿನ ಪರದೆಯಾದರೂ ಸಾಕು. ಗಾಜಿಗೆ ಅಂಟದಂತೆ ಗಾಳಿಯಾಡಲು ನಾಲ್ಕು ಬೆರಳು ಸಂದು ಬಿಡಿ.

ಪ್ರಶ್ನೆ: ಬಿಎಲ್‌ಡಿಸಿ ಫ್ಯಾನ್ (ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ, ಬ್ರಷ್ ಇಲ್ಲದ ಮೋಟಾರಿನದು) ಹಾಕಿಸಿದೆವು. ಗುಂಯ್‌ಗುಡುತ್ತದೆ, ಆಗಾಗ ನಿಲ್ಲುತ್ತದೆ. ಫ್ಯಾನೇ ಕೆಟ್ಟದ್ದೇ?

ಉತ್ತರ: ಮೊದಲು ಗೋಡೆಯ ಹಳೆಯ ರೆಗ್ಯುಲೇಟರ್ ನೋಡಿ. ಈ ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಪೂರ್ತಿ ವೋಲ್ಟೇಜ್ ಬೇಕು. ನಡುವೆ ರೆಗ್ಯುಲೇಟರ್ ಉಳಿದರೆ ಬೋರ್ಡೇ ಸುಡಬಹುದು. ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಮೇನ್ ಆಫ್ ಮಾಡಿಸಿ, ಅದನ್ನು ತೆಗೆಸಿ ನೇರ ಸ್ವಿಚ್ಚಿಗೆ ಜೋಡಿಸಿ. ವೇಗ ರಿಮೋಟಿನಲ್ಲೇ ಬದಲಿಸಬಹುದು. ಬದಲಾವಣೆ ಮಾಡಿದ್ದು ಒಳ್ಳೆಯದೇ ಆಯಿತು: 75 ವಾಟ್‌ನ ಜಾಗದಲ್ಲಿ 30 ವಾಟ್, ದಿನಕ್ಕೆ 12 ಗಂಟೆ ಎಂದರೆ ಒಂದೇ ಫ್ಯಾನಿನಿಂದ ವರ್ಷಕ್ಕೆ ಸುಮಾರು 197 ಯೂನಿಟ್ ಉಳಿಯುತ್ತದೆ. ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೊ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದೂ ತಪ್ಪುತ್ತದೆ. ಹೆಚ್ಚು ಹೊತ್ತು ತಿರುಗುವ ಫ್ಯಾನನ್ನೇ ಮೊದಲು ಬದಲಿಸಿ.