ಗುಡ್ಡೆಗೆ ಜೆಸಿಬಿ ಹತ್ತಿಸುವ ಮೊದಲು

ನೀವು ಕೇಳಿದ್ದು ಒಂದೇ ಪ್ರಶ್ನೆ. ಕಾಸರಗೋಡಿನ ಪೆರ್ಲದ ಹತ್ತಿರ 40 ಸೆಂಟ್ (ನೂರು ಸೆಂಟಿಗೆ ಒಂದು ಎಕರೆ) ಜಾಗ ನೋಡಿದ್ದೀರಿ. ಮೇಲೆ ಗೇರುಮರ, ಬಲ್ಲೆ, ಅಂದರೆ ಪೊದೆ. ಕೆಳಗಿನ ತುದಿಯಲ್ಲಿ ಹಳೆಯ ಅಡಿಕೆ ತೋಟದ ಒಂದು ತುಂಡು. ಅದನ್ನೆಲ್ಲ ಸವರಿ ಮನೆ ಕಟ್ಟಲು ನೆಲ ಸಮ ಮಾಡಿ ತಟ್ಟು ಮಾಡಬೇಕು, ಜೆಸಿಬಿಗೆ ಎಷ್ಟು ದಿನ ಬೇಕು ಅಂತ.

ಎರಡು ದಿನ ಸಾಕು. ಬಂಡೆ ಸಿಕ್ಕಿದರೆ ಮೂರು. ಆದರೆ ಆ ಎರಡು ದಿನದ ಕೆಲಸಕ್ಕೆ ಮೊದಲು ಮಾಡಬೇಕಾದ್ದು ಬಹಳ ಇದೆ. ನೀವು ಧಾರವಾಡದ ಕಡೆಯವರು, ಅಲ್ಲಿ ಹೊಲ ಅಂದರೆ ಕಣ್ಣಿಗೆ ಕಾಣುವಷ್ಟೇ. ನಮ್ಮ ಕಾಸರಗೋಡಿನಲ್ಲಿ ಹಾಗಲ್ಲ. ಜಾಗ ಕಣ್ಣಿಗೆ ಒಂದು ಥರ ಕಾಣುತ್ತದೆ, ಕಾಗದದಲ್ಲಿ ಇನ್ನೊಂದು ಥರ ಇರುತ್ತದೆ, ನೆಲದ ಅಡಿಯಲ್ಲಿ ಮತ್ತೊಂದು ಥರ.

ಮೊದಲು ಕಾಗದ. ನಿಮಗೆ ಗೊತ್ತಿರುವುದು ಪಹಣಿ, ಖಾತೆ, ಕನ್ವರ್ಷನ್. ಇಲ್ಲಿ ಆ ಮೂರೂ ಹೆಸರು ನಡೆಯುವುದಿಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವಲ್ಲ, ಅದಕ್ಕೆ ಮೊದಲು ನಮ್ಮದು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ. ಹಾಗಾಗಿ ಅಜ್ಜನ ಕಾಲದ ಪತ್ರಗಳು ಕನ್ನಡದಲ್ಲಿವೆ, ವರ್ಗ, ಕುಮ್ಕಿ ಅಂತೆಲ್ಲ ಆಗಿನ ಜಮೀನಿನ ಬಗೆ ಬರೆದಿರುತ್ತದೆ. ಈಗಿನವು ಹೆಚ್ಚಾಗಿ ಮಲಯಾಳದಲ್ಲಿ. ನೀವು ನೋಡಬೇಕಾದ್ದು ವಿಲ್ಲೇಜ್ ಆಫೀಸಿನಲ್ಲಿರುವ ಬಿಟಿಆರ್, ಅಂದರೆ ಮೂಲ ಕಂದಾಯ ರಿಜಿಸ್ಟರ್. ಅದರಲ್ಲಿ ನಿಮ್ಮ ಸರ್ವೆ ನಂಬರಿನ ಎದುರು ಒಂದೇ ಒಂದು ಪದ ಇರುತ್ತದೆ. 'ಪುರಯಿಡಂ' ಅಂತಿದ್ದರೆ ನೆಮ್ಮದಿ, ಅದು ಮನೆ, ಹಿತ್ತಿಲಿನ ಜಾಗ. 'ನಿಲಂ' ಅಂತಿದ್ದರೆ ಅದು ಗದ್ದೆ.

ಗದ್ದೆ ಎಲ್ಲಿದೆ, ಅಲ್ಲಿ ಅಡಿಕೆ ಮರ ನಿಂತಿದೆಯಲ್ಲ ಅಂತೀರಿ. ಅಲ್ಲೇ ಇರುವುದು ತಾಪತ್ರಯ. ಭತ್ತ ಕೈಕೊಟ್ಟ ಮೇಲೆ ನಮ್ಮ ಕಡೆ ಬೈಲಿನ ಗದ್ದೆಗಳಿಗೆ ಅಡಿಕೆ ಸಸಿ ಇಟ್ಟವರು ಒಬ್ಬಿಬ್ಬರಲ್ಲ. ಮರ ಮುದಿಯಾಗಿ ಬಿದ್ದು, ಮರುಸಸಿ ಇಟ್ಟಾಗಿದೆ. ರಿಜಿಸ್ಟರಿನಲ್ಲಿ ಮಾತ್ರ ಇನ್ನೂ ಭತ್ತ ಬೆಳೆಯುತ್ತಿದೆ! ನಿಮ್ಮ 40 ಸೆಂಟಿನಲ್ಲಿ ಮೇಲಿನ 30 ಪುರಯಿಡಂ, ಕೆಳಗಿನ 10 ನಿಲಂ ಅಂತ ಬಂದರೆ ನನಗೇನೂ ಆಶ್ಚರ್ಯ ಇಲ್ಲ. ಪತ್ರದಲ್ಲಿ ಸೆಂಟ್ ಬದಲು 'ಆರ್' ಲೆಕ್ಕ ಕಂಡರೆ ಗಾಬರಿಯಾಗಬೇಡಿ. ಒಂದು ಆರ್ ಅಂದರೆ ಸುಮಾರು ಎರಡೂವರೆ ಸೆಂಟ್. 40 ಸೆಂಟಿಗೆ 16 ಆರ್ ಚಿಲ್ಲರೆ.

ಕೇರಳದಲ್ಲಿ 2008ರಲ್ಲಿ ಗದ್ದೆ ಮತ್ತು ಜೌಗುಭೂಮಿ ಉಳಿಸುವ ಕಾನೂನು ಬಂತು. ಅದರ ಪ್ರಕಾರ ಪ್ರತಿ ಊರಿನ ಗದ್ದೆಗಳ ಪಟ್ಟಿ ಮಾಡಿದ್ದಾರೆ, ಅದಕ್ಕೆ ಎಲ್ಲರೂ 'ಡೇಟಾ ಬ್ಯಾಂಕ್' ಅಂತಲೇ ಹೇಳುವುದು. ಕೃಷಿ ಭವನದಲ್ಲಿ ವಿಚಾರಿಸಿದರೆ ನಿಮ್ಮ ಸರ್ವೆ ನಂಬರ್ ಅದರಲ್ಲಿದೆಯೋ ಇಲ್ಲವೋ ಹೇಳುತ್ತಾರೆ. ಇದ್ದರೆ ಮಣ್ಣು ಹಾಕುವ ಹಾಗಿಲ್ಲ. ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರಂ 5 ಕೊಡಬೇಕು. ಡೇಟಾ ಬ್ಯಾಂಕಿನಲ್ಲಿ ಇಲ್ಲ, ಆದರೆ ಬಿಟಿಆರಿನಲ್ಲಿ ನಿಲಂ ಅಂತಿದೆ ಅನ್ನುವ ಎಡವಟ್ಟು ಜಾಗಕ್ಕೆ 2018ರ ತಿದ್ದುಪಡಿಯಲ್ಲಿ ದಾರಿ ಮಾಡಿದ್ದಾರೆ. ಸಣ್ಣ ಜಾಗಕ್ಕೆ ಅದು ಫಾರಂ 6. ಬೇರೆ ಜಾಗವೇ ಇಲ್ಲದ ಕುಟುಂಬ ಮನೆ ಕಟ್ಟಲು ಪಂಚಾಯತಿನಲ್ಲಿ 10 ಸೆಂಟ್, ನಗರದಲ್ಲಿ 5 ಸೆಂಟಿನವರೆಗೆ ಗದ್ದೆಯಲ್ಲೂ ಅನುಮತಿ ಕೇಳಬಹುದು. ಅದು ನಿಮಗೆ ಅನ್ವಯಿಸುವುದಿಲ್ಲ, ಮೇಲೆ ಒಣ ಜಾಗ ಇದೆಯಲ್ಲ. ಹಾಗಾಗಿ ಅಡಿಕೆ ತೋಟವನ್ನು ಅದರ ಪಾಡಿಗೆ ಬಿಟ್ಟು ಮನೆಯನ್ನು ಮೇಲೆ ಕಟ್ಟಿ. ವರ್ಷಗಟ್ಟಲೆ ಆಫೀಸು ಸುತ್ತುವುದು ತಪ್ಪುತ್ತದೆ, ಅಡಿಕೆಯೂ ಸಿಗುತ್ತದೆ.

ಅಂದ ಹಾಗೆ, ಅರ್ಜಿ ಕನ್ನಡದಲ್ಲೇ ಬರೆಯಬಹುದು. 1969ರ ಕೇರಳದ ಭಾಷಾ ಕಾನೂನು ನಮ್ಮಂಥ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ಎದುರು ಕುಳಿತವರಿಗೆ ಕನ್ನಡ ಓದಲು ಬರುತ್ತದೆಯೇ ಅನ್ನುವುದು ಬೇರೆ ವಿಷಯ. ನಾನಂತೂ ಕನ್ನಡದಲ್ಲಿ ಬರೆದು, ಬಾಯಲ್ಲಿ ಮಲಯಾಳದಲ್ಲಿ ಹೇಳಿ ಬರುತ್ತೇನೆ.

ಇನ್ನು ನೆಲ. ನಮ್ಮ ಗುಡ್ಡೆಗಳ ಮೇಲ್ಪದರ ಮುರಕಲ್ಲು, ನೀವು ಜಂಬಿಟ್ಟಿಗೆ ಅನ್ನುವುದು. ಮಣ್ಣಿನೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಊರಿಗೆ ಊರೇ ಆ ಕಲ್ಲಿನ ಗೋಡೆಯಲ್ಲಿ ನಿಂತಿದೆ. ಅಡ್ಕಸ್ಥಳ, ಬದಿಯಡ್ಕ ಅಂತ ಹೆಸರು ಕೇಳಿದ್ದೀರಲ್ಲ, ಅಡ್ಕ ಅಂದರೆ ಇಂಥ ಮುರಕಲ್ಲಿನ ಬಯಲು ಜಾಗ. ಮುರಕಲ್ಲಿನ ಪದರ ಮುಗಿದ ಮೇಲೆ ಬರುವುದು ಶೇಡಿಮಣ್ಣು. ಬಿಳಿ, ಗುಲಾಬಿ, ಹಳದಿ ಮಿಶ್ರವಾಗಿ ನೋಡಲು ಚಂದ. ಬೇಸಿಗೆಯಲ್ಲಿ ಹಿಟಾಚಿಯವನು ಕಡಿಯುವಾಗ ಬೆಣ್ಣೆ ಕತ್ತರಿಸಿದ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೋಡಿ, ಎಷ್ಟು ಕ್ಲೀನಾಗಿ ಬಂತು ಅಂತ ಅವನೂ ಹೇಳುತ್ತಾನೆ, ನಮಗೂ ಖುಷಿ. ಜುಲೈಯಲ್ಲಿ ಅದೇ ಶೇಡಿ ನೀರು ಕುಡಿದು ಗಂಜಿಯಾಗುತ್ತದೆ. ಮೇಲಿನ ಮುರಕಲ್ಲು ಕುಳಿತುಕೊಳ್ಳಲು ಆಧಾರ ಇಲ್ಲದೆ ಇಡೀ ಬರೆ, ಅಂದರೆ ಕಡಿದು ನಿಲ್ಲಿಸಿದ ಗುಡ್ಡೆಯ ಬದಿ, ಜರಿಯುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ ಸುರಿಯುವುದು. ಹೆದ್ದಾರಿ ಅಗಲ ಮಾಡಲು ಕಡಿದ ಚೆರುವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ರಸ್ತೆಗೆ ಬಿದ್ದದ್ದನ್ನು ನೀವೂ ಸುದ್ದಿಯಲ್ಲಿ ನೋಡಿರಬಹುದು.

ಹಾಗಾಗಿ ಒಂದೇ ದೊಡ್ಡ ತಟ್ಟು ಬೇಡ. ಗುಡ್ಡೆಯನ್ನು ಎರಡು ಆಳೆತ್ತರಕ್ಕೆ ನೆಟ್ಟಗೆ ಕಡಿದು ಅಂಗಳ ದೊಡ್ಡದು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬದಲಿಗೆ ಎರಡು ಮೂರು ಮೆಟ್ಟಿಲಾಗಿ ಮಾಡಿ, ಮೇಲಿನ ತಟ್ಟಿನಲ್ಲಿ ಮನೆ, ಕೆಳಗಿನದ್ದರಲ್ಲಿ ಅಂಗಳ. ಕಡಿದ ಮಣ್ಣನ್ನು ಕೆಳಗೆ ತುಂಬಿಸಿ ಅದರ ಮೇಲೆಯೇ ಪಂಚಾಂಗ, ಅಂದರೆ ಅಡಿಪಾಯ, ಹಾಕಬೇಡಿ, ತುಂಬಿದ ಮಣ್ಣು ಕುಳಿತುಕೊಳ್ಳಲು ಒಂದೆರಡು ಮಳೆಗಾಲ ಬೇಕು. ಬರೆಯ ಮೇಲ್ಗಡೆ ಒಂದು ಅಗಳು ತೋಡಿ, ಗುಡ್ಡೆಯ ನೀರು ಬದಿಯಿಂದ ಹರಿದು ಹೋಗಲಿ. ಕೆಲಸ ಶುರು ಮಾಡುವುದಾದರೆ ಡಿಸೆಂಬರಿನಲ್ಲಿ. ಏಪ್ರಿಲ್ ಕೊನೆಗೆ ಮಣ್ಣಿನ ಕೆಲಸ ಮುಗಿದಿರಬೇಕು. ಮಣ್ಣು ಲಾರಿಯಲ್ಲಿ ಹೊರಗೆ ಹೋಗುವುದಿದ್ದರೆ ಗಣಿ ಇಲಾಖೆಯ ಪಾಸು ಬೇಕು. ಪಾಸಿಲ್ಲದೆ ರಾತ್ರಿ ಸಾಗಿಸಿಬಿಡೋಣ ಅನ್ನುವವರು ಸಿಗುತ್ತಾರೆ. ಲಾರಿ ಸಿಕ್ಕಿಬಿದ್ದ ದಿನ ಅವರ ಫೋನ್ ಸ್ವಿಚ್ ಆಫ್.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಸುರಂಗ.

ನಿಮ್ಮ ಕಡೆಯವರಿಗೆ ಸುರಂಗ ಅಂದರೆ ರೈಲು ಹೋಗುವುದು. ನಮಗೆ ಅದು ನೀರಿನ ಬಾವಿ, ಅಡ್ಡಕ್ಕೆ ಮಲಗಿದ ಬಾವಿ. ಗುಡ್ಡೆಯ ಬುಡದಲ್ಲಿ ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಅಗಲ ಎತ್ತರಕ್ಕೆ ಕೊರೆಯುತ್ತಾ ಹೋಗುವುದು, ನೀರಿನ ಒಸರು ಸಿಗುವ ತನಕ. ಸಿಕ್ಕಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಒಳಗೆ ಹೋಗುವವರು ಮೋಂಬತ್ತಿ ಹಿಡಿದುಕೊಳ್ಳುತ್ತಾರೆ, ಬತ್ತಿ ಸಣ್ಣಗಾದರೆ ಗಾಳಿ ಸಾಲದು ಅಂತ ಅರ್ಥ, ತಿರುಗಿ ಬರಬೇಕು. ಸುರಂಗದ ಉದ್ದ ಅಳೆಯುವುದು ಕೋಲಿನ ಲೆಕ್ಕದಲ್ಲಿ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡೆಯಲ್ಲಿ ತೋಟ ಮಾಡಿದವರು, ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಸುರಂಗ ಯಾವ ಕಾಗದದಲ್ಲೂ ಇರುವುದಿಲ್ಲ. ಬಾಯಿ ಕೆಳಗಿನ ಮನೆಯವರ ಜಾಗದಲ್ಲಿ ಇರುತ್ತದೆ, ಹೊಟ್ಟೆ ನಿಮ್ಮ ಗುಡ್ಡೆಯ ಅಡಿಯಲ್ಲಿ.

ನಮ್ಮಲ್ಲೇ ಆದದ್ದು ಹೇಳುತ್ತೇನೆ. ತಮ್ಮನಿಗೆ ಮನೆ ಕಟ್ಟಲೆಂದು ತೋಟದ ಮೇಲಿನ ಗೇರುಗುಡ್ಡೆ ಸವರಿಸಿದೆವು. ಮರಗಳನ್ನು ಸೌದೆಯವರು ಒಯ್ದರು, ಬುಡಗಳನ್ನು ಕೀಳಲು ಹಿಟಾಚಿ ಬಂತು. ಮೂರನೇ ಬುಡ ಎತ್ತುವಾಗ ಬಕೆಟ್ ಒಮ್ಮೆ ದಡಕ್ಕನೆ ಇಳಿಯಿತು. ಡೊಳ್ಳು ಬಡಿದ ಹಾಗೆ ಶಬ್ದ. ಹಿಟಾಚಿಯವನು ಮೆಷಿನ್ ನಿಲ್ಲಿಸಿ ಇಳಿದು ಬಗ್ಗಿ ನೋಡಿದ, ಮೊಣಕಾಲೆತ್ತರದ ತೂತು, ಒಳಗಿನಿಂದ ತಣ್ಣನೆ ಗಾಳಿ. ಒಂದೆರಡು ಬಾವಲಿ ಹೊರಗೆ ಹಾರಿದವು. ಅಪ್ಪನಿಗೆ ಕೂಡಲೇ ನೆನಪಾಯಿತು, 'ಇದು ಕೆಳಗಿನವರ ಸುರಂಗ ಅಲ್ವಾ' ಅಂತ. ಅಷ್ಟೊತ್ತಿಗೆ ಮೂರು ಟ್ರಿಪ್ಪು ಮಣ್ಣು ಒಳಗೆ ಹೋಗಿಯಾಗಿತ್ತು.

ಮರುದಿನ ಬೆಳಿಗ್ಗೆ ಕೆಳಗಿನ ಮನೆಯ ಬ್ಯಾರಿಗಳು (ನಮ್ಮ ಕರಾವಳಿಯ ಮುಸ್ಲಿಂ ಸಮುದಾಯದವರು) ಬಂದರು. ಗಲಾಟೆ ಇಲ್ಲ, ಏರು ಧ್ವನಿ ಇಲ್ಲ. ಕೈಯಲ್ಲಿದ್ದ ಚೆಂಬನ್ನು ಜಗಲಿಯಲ್ಲಿ ಇಟ್ಟರು. ಒಳಗೆ ಕೆಂಪು ನೀರು.

'ಭಟ್ರೇ, ಇದು ಚಾಯ ಅಲ್ಲ. ನಮ್ಮ ಕುಡಿಯುವ ನೀರು.'

ಅಪ್ಪ ಏನೂ ಹೇಳಲಿಲ್ಲ. ಅವರನ್ನು ಕೂರಿಸಿ ನಿಜವಾದ ಚಾಯ ಕೊಟ್ಟು, ಅದೇ ದಿನ ಕೆಲಸ ನಿಲ್ಲಿಸಿದರು. ಸುರಂಗ ಕೊರೆಯುವ ಕೆಲಸ ಗೊತ್ತಿದ್ದ ಒಬ್ಬರನ್ನು ಹುಡುಕುವುದೇ ಕಷ್ಟವಾಯಿತು, ಈಗ ಹೊಸಬರು ಈ ಕೆಲಸಕ್ಕೆ ಬರುವುದಿಲ್ಲ. ಸಿಕ್ಕಿದವರು ಒಳಗಿನ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತೆಗೆಯಲು ಹನ್ನೊಂದು ದಿನ ಹಿಡಿಯಿತು. ತೂತಿನ ಜಾಗಕ್ಕೆ ಮುರಕಲ್ಲು ಕಟ್ಟಿ ಮೇಲೆ ಚಪ್ಪಡಿ ಹಾಕಿಸಿದೆವು. ತಮ್ಮನ ಮನೆಯನ್ನು ಇಪ್ಪತ್ತು ಅಡಿ ಪಡುವಣಕ್ಕೆ ಸರಿಸಿದೆವು, ಪ್ಲಾನು ಪುನಃ ಮಾಡಿಸಿ ಪಂಚಾಯತಿಗೆ ಕೊಟ್ಟದ್ದೂ ಆಯಿತು. ನೀರು ತಿಳಿಯಾಯಿತು, ಆದರೆ ಮೊದಲು ಹೆಬ್ಬೆರಳು ಗಾತ್ರಕ್ಕೆ ಬರುತ್ತಿದ್ದದ್ದು ಈಗ ಕಿರುಬೆರಳಿನಷ್ಟು. ಮಾರ್ಚಿನಲ್ಲಿ ಇನ್ನೂ ಕಡಿಮೆ. ಬ್ಯಾರಿಗಳು ಒಮ್ಮೆಯೂ ಆ ಮಾತು ಎತ್ತಿಲ್ಲ. ನಾವು ನಮ್ಮ ಬೋರ್‌ವೆಲ್‌ನಿಂದ ಅವರಿಗೆ ಒಂದು ಪೈಪ್ ಎಳೆದು ಕೊಟ್ಟಿದ್ದೇವೆ.

ಆದ್ದರಿಂದ ಜೆಸಿಬಿಯವರನ್ನು ಕರೆಯುವ ಮೊದಲು ಕೆಳಗಿನ ಮನೆಗೆ ಹೋಗಿ. ಸುಮ್ನೆ ಹೋಗಿ ಕೂತು ಮಾತಾಡಿ. 'ನಿಮಗೆ ನೀರು ಎಲ್ಲಿಂದ?' ಅಂತ ಕೇಳಿ. ಸುರಂಗ ಇದ್ದರೆ ಎಷ್ಟು ಕೋಲು, ಯಾವ ದಿಕ್ಕಿಗೆ, ಗಾಳಿಗೆ ಮೇಲೆ ತೂತು ಬಿಟ್ಟಿದ್ದಾರೆಯೇ ಅಂತ ಕೇಳಿ ಜಾಗದ ಮೇಲೆ ಹಗ್ಗ ಹಿಡಿದು ಗುರುತು ಹಾಕಿ. ಗುಡ್ಡೆಯ ಮೇಲೆ ಮದಕ ಇದೆಯೇ ಅಂತಲೂ ನೋಡಿ. ಬೇಸಿಗೆಯಲ್ಲಿ ಬರೀ ಒಣಗಿದ ಹೊಂಡದ ಹಾಗೆ ಕಾಣುತ್ತದೆ, ಮಳೆಗಾಲದಲ್ಲಿ ನೀರು ನಿಂತು ಕೆಳಗಿನ ಬಾವಿಗಳಿಗೆಲ್ಲ ಇಂಗುವುದು ಅಲ್ಲಿಂದ. ಹೊಂಡ ತುಂಬಿಸಿ ಕಾರು ನಿಲ್ಲಿಸಲು ಜಾಗ ಮಾಡಿದವರಿದ್ದಾರೆ.

ಮರಗಳ ವಿಷಯ ಅಷ್ಟು ತಲೆನೋವಿಲ್ಲ. ಗೇರು, ಅಕೇಶಿಯ, ರಬ್ಬರ್ ಕಡಿಯಲು ತೊಂದರೆ ಇಲ್ಲ. ರಬ್ಬರಾದರೆ ಕಡಿಯುವ ಮೊದಲು ಮರದ ಕೊನೆಯ ಹಾಲು ತೆಗೆಯಲು ಗುತ್ತಿಗೆಗೆ ಕೊಡುತ್ತಾರೆ, ಅದಕ್ಕೆ ಮಲಯಾಳದಲ್ಲಿ 'ಕಡುಂವೆಟ್ಟ್' ಅಂತಾರೆ. ಆದರೆ ದೊಡ್ಡ ರಬ್ಬರ್ ತೋಟದ ತುಂಡು ಮಾರಾಟಕ್ಕಿದ್ದರೆ ಅದು ಭೂಮಿತಿಯಿಂದ (ಒಬ್ಬರು ಇಂತಿಷ್ಟೇ ಜಾಗ ಇಟ್ಟುಕೊಳ್ಳಬಹುದು ಅನ್ನುವ ಕಾನೂನಿನಿಂದ) ವಿನಾಯಿತಿ ಪಡೆದ ಜಾಗವೇ ಅಂತ ವಕೀಲರ ಹತ್ತಿರ ಕೇಳಿ, ಅದರ ಕಥೆ ಬೇರೆ. ತೇಗ, ಬೀಟೆ ಕಂಡರೆ ಕತ್ತಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಶ್ರೀಗಂಧ ಇದ್ದರೆ ಮುಟ್ಟಲೇಬೇಡಿ. ಇಲ್ಲಿಯ ಗುಡ್ಡೆಗಳಲ್ಲಿ ಗಂಧ ತಾನಾಗಿ ಹುಟ್ಟುತ್ತದೆ, ಬಲ್ಲೆಯ ನಡುವೆ ಇದ್ದರೆ ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ಹಾಲೆ ಮರ ಒಂದಿದ್ದರೆ ದಯವಿಟ್ಟು ಉಳಿಸಿ. ತುಳು ತಿಂಗಳಾದ ಆಟಿಯ ಅಮಾವಾಸ್ಯೆಯ ಬೆಳಿಗ್ಗೆ ಅದರ ತೊಗಟೆಯ ಕಷಾಯಕ್ಕೆ ಅರ್ಧ ಊರು ನಿಮ್ಮ ಅಂಗಳಕ್ಕೆ ಬರುತ್ತದೆ, ಪರಿಚಯ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆ ದಿನ ಇಲ್ಲ.

ಇನ್ನೊಂದು. ಜಾಗದ ಮೂಲೆಯಲ್ಲಿ ಮರಗಳು ದಟ್ಟವಾಗಿ, ಬಳ್ಳಿ ಸುತ್ತಿಕೊಂಡು, ಒಳಗೆ ಕಲ್ಲು ಕಂಡರೆ ಅದು ಕಾಡಲ್ಲ, ಬನ. ನಾಗನದ್ದೋ ದೈವದ್ದೋ ಇರಬಹುದು. ಮಾರುವವರು ಅದನ್ನು ಹೇಳದೇ ಇರಬಹುದು. ನೀವು ನಂಬುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು, ಆದರೆ ಅಲ್ಲಿಗೆ ಮೆಷಿನ್ ತೆಗೆದುಕೊಂಡು ಹೋಗಲು ಇಲ್ಲಿಯ ಯಾವ ಡ್ರೈವರನೂ ಒಪ್ಪುವುದಿಲ್ಲ. ಅವನು ಯಾವ ಜಾತಿ, ಯಾವ ಮತ ಅನ್ನುವುದೂ ಲೆಕ್ಕಕ್ಕಿಲ್ಲ.

ಜಾಗ ನೋಡಲು ಬರುವಾಗ ಬೆಳಿಗ್ಗೆ ಬೇಗ ಬನ್ನಿ. ಆಧಾರದ (ಇಲ್ಲಿ ಜಾಗದ ಪತ್ರಕ್ಕೆ ಹಾಗನ್ನುವುದು, ಆಧಾರ್ ಕಾರ್ಡ್ ಅಲ್ಲ) ಜೆರಾಕ್ಸ್, ತೆರಿಗೆ ರಶೀದಿ ಎರಡೂ ತನ್ನಿ, ಮಲಯಾಳ ನಾನು ಓದಿ ಹೇಳುತ್ತೇನೆ. ವಿಲ್ಲೇಜ್ ಆಫೀಸಿನಲ್ಲಿ ಬಿಟಿಆರ್ ನೋಡಿ, ಊಟ ಮುಗಿಸಿ, ಸಂಜೆ ಕೆಳಗಿನ ಮನೆಯವರಲ್ಲಿಗೆ ಒಟ್ಟಿಗೆ ಹೋಗೋಣ. ಅವರು ಮಾತಾಡುವುದು ತುಳುವೋ ಮಲಯಾಳವೋ ಬ್ಯಾರಿಯೋ ಅಂತ ಮೊದಲೇ ತಿಳಿದಿಟ್ಟುಕೊಳ್ಳುತ್ತೇನೆ.