ಇಂಗ್ಲಿಷ್ ಕಾಮೆಂಟುಗಳಲ್ಲಿ ಕಾಣುವ ಠ_ಠ ನಮ್ಮ ಕನ್ನಡದ ಠ ಅಕ್ಷರವೇನಾ?

ನೀವು ಕೇಳಿರುವುದು ಮೂರು ಸಂಗತಿ. ಇಂಗ್ಲಿಷ್ ಕಾಮೆಂಟುಗಳ ನಡುವೆ ಠ_ಠ ಎಂದು ಹಾಕುತ್ತಾರಲ್ಲ, ಅದು ನಿಜವಾಗಿ ಕನ್ನಡದ ಠ ತಾನೇ? ನಮ್ಮ ಲಿಪಿಯನ್ನು ಗೇಲಿ ಮಾಡುತ್ತಿದ್ದಾರಾ? ಮತ್ತೆ, ಆಫೀಸಿನ ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿ ಡಬ್ಬಿಯೋ ಪ್ರಶ್ನಾರ್ಥಕ ಚಿಹ್ನೆಯೋ ಯಾಕೆ ಬರುತ್ತದೆ?

ಹೌದು, ಅದು ನಮ್ಮ ಠ ಅಕ್ಷರವೇ. ಠಾಣೆ, ಠೇವಣಿ, ಠಕ್ಕ, ಠೀವಿ ಎಂದು ಬರೆಯುವಾಗ ಬಳಸುವ ಅದೇ ಠ. ಅದರಂತೆ ಕಾಣುವ ಇನ್ಯಾವುದೋ ಚಿಹ್ನೆ ಅಲ್ಲ. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳಿವೆ. ಅದರಲ್ಲಿ 3232ನೇ ಮನೆ ಠ. ಅಮೆರಿಕದವರು ಹಾಕಿದರೂ ಬ್ರೆಜಿಲಿನವರು ಹಾಕಿದರೂ ಹೋಗುವುದು ಈ 3232 ಸಂಖ್ಯೆಯೇ.

ಠ ಯಾಕೆ ಎಂಬುದಕ್ಕೆ ಉತ್ತರ ಅದರ ರೂಪದಲ್ಲೇ ಇದೆ. ಒಂದು ಹಾಳೆಯಲ್ಲಿ ರ ಬರೆದು ಹೊಟ್ಟೆಯೊಳಗೆ ಚುಕ್ಕಿ ಇಡಿ, ಠ ಆಯಿತು. ಕನ್ನಡ ಗೊತ್ತಿಲ್ಲದವರ ಕಣ್ಣಿನಿಂದ ಅದನ್ನೇ ನೋಡಿ. ಗುಂಡಗಿರುವುದು ಕಣ್ಣು, ಒಳಗಿನ ಚುಕ್ಕಿ ಕಣ್ಣುಗುಡ್ಡೆ, ಮೇಲಿನ ತಲೆಕಟ್ಟು ಹುಬ್ಬು. ಎರಡು ಠ ಇಟ್ಟು ನಡುವೆ ಅಡಿಗೆರೆ ಎಳೆದರೆ, ಬಾಯಿ ಬಿಗಿಹಿಡಿದು ಕೆಕ್ಕರಿಸಿ ನೋಡುವ ಮುಖ. ಇಂಗ್ಲಿಷಿನಲ್ಲಿ ಇದಕ್ಕೆ ಲುಕ್ ಆಫ್ ಡಿಸಪ್ರೂವಲ್ ಎನ್ನುತ್ತಾರೆ. 'ಕೆಕ್ಕರಿಸಿದ ಮುಖ' ಎಂದರೆ ಅದಕ್ಕಿಂತ ಚೆನ್ನಾಗಿ ಒಪ್ಪುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಅಕ್ಕಪಕ್ಕದ ಲಿಪಿಗಳಲ್ಲಿ ಇದು ಇಷ್ಟು ಚೆನ್ನಾಗಿ ಕೂರುವುದಿಲ್ಲ. ದೇವನಾಗರಿಯ ಠ ಮೇಲಿನ ಗೆರೆಗೆ ನೇತುಬಿದ್ದಿರುತ್ತದೆ, ಒಳಗೆ ಚುಕ್ಕಿ ಇಲ್ಲ. ಮಲಯಾಳಂನದು ಬರೀ ಸೊನ್ನೆ. ತೆಲುಗಿನಲ್ಲಿ ಚುಕ್ಕಿ ಇದೆ, ಆದರೆ ತಲೆಕಟ್ಟು ಟಿಕ್ ಮಾರ್ಕಿನಂತೆ ಮೇಲಕ್ಕೆ ಚಿಮ್ಮುತ್ತದೆ. ತೆಲುಗು ಠ ಬಳಸಿ ಮಾಡಿದ ಮುಖವೂ ಚಾಲ್ತಿಯಲ್ಲಿದೆ, ಅದು ಸಿಟ್ಟಿಗಿಂತ ಆಶ್ಚರ್ಯದಂತೆ ಕಾಣುತ್ತದೆ. ಹುಬ್ಬು ನೇರವಾಗಿ ಕೂತಿರುವುದು ನಮ್ಮದರಲ್ಲಿ ಮಾತ್ರ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಮಸ್ಕಿ, ಬ್ರಹ್ಮಗಿರಿಗಳಲ್ಲಿ ಸಿಕ್ಕ ಅಶೋಕನ ಶಾಸನಗಳ ಕಾಲದ ಬ್ರಾಹ್ಮಿಯಲ್ಲಿ ಠ ಎಂದರೆ ಖಾಲಿ ವೃತ್ತ. ಒಳಗೆ ಚುಕ್ಕಿ ಇದ್ದ ವೃತ್ತ ಥ. ಇವತ್ತು ಕಣ್ಣುಗುಡ್ಡೆಯಾಗಿ ನಿಂತಿರುವ ಚುಕ್ಕಿ ಠ ಅಕ್ಷರಕ್ಕೆ ಆಮೇಲೆ ಬಂದದ್ದು.

ಕೀಲಿಮಣೆಯ ಚಿಹ್ನೆಗಳಿಂದ ಮುಖ ಮಾಡುವ ಅಭ್ಯಾಸ ಇದಕ್ಕಿಂತ ಹಳೆಯದು. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಫಾಲ್‌ಮನ್ ತಮಾಷೆಯ ಮಾತಿಗೆ ಗುರುತಾಗಿ :-) ಬಳಸೋಣ ಎಂದು ಸೂಚಿಸಿದರು. ಅದನ್ನು ನೋಡಲು ಕತ್ತು ವಾಲಿಸಬೇಕು. ಜಪಾನಿನವರು ಅದೇ ದಶಕದಲ್ಲಿ ^_^ ತರಹದ ನೆಟ್ಟಗಿನ ಮುಖ ಮಾಡಿದರು: ಕಣ್ಣು, ಬಾಯಿ, ಕಣ್ಣು. ಠ_ಠ ಈ ಎರಡನೆಯ ಮನೆತನದ್ದು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಆಮೇಲೆ ಕಂಪ್ಯೂಟರುಗಳ ಜೊತೆ ಕನ್ನಡ ಫಾಂಟೂ ಬರತೊಡಗಿತು, ಜಗತ್ತಿನ ಅಕ್ಷರಪಟ್ಟಿಗಳಲ್ಲಿ ಕಣ್ಣು ಹುಡುಕುತ್ತಿದ್ದವರ ಕೈಗೆ ಠ ಸಿಕ್ಕಿತು.

ಅದು ದಾರಿಯಲ್ಲಿ ಒಡೆಯದೆ ಬದುಕಿದ್ದಕ್ಕೆ ತಾಂತ್ರಿಕ ಕಾರಣವೂ ಇದೆ. ಠ ಒಂದೇ ಸಂಕೇತ. ಒತ್ತಕ್ಷರ, ಕಾಗುಣಿತ ಏನೂ ಇಲ್ಲ. 'ವಿದ್ಯಾರ್ಥಿ' ಕಣ್ಣಿಗೆ ಮೂರು ಅಕ್ಷರ, ಒಳಗೆ ಹತ್ತು ಸಂಕೇತ. ಅವನ್ನು ಜೋಡಿಸಿ ಒತ್ತು, ಅರ್ಕಾವತ್ತು ಕೂರಿಸಲು ಪ್ರತ್ಯೇಕ ತಂತ್ರಾಂಶ ಕೆಲಸ ಮಾಡಬೇಕು. ಆ ಭಾಗ ಇಲ್ಲದ ಕಡೆ ಕನ್ನಡ ಚೂರುಚೂರಾಗುತ್ತದೆ. ಠ ಅಕ್ಷರಕ್ಕೆ ಫಾಂಟ್ ಒಂದಿದ್ದರೆ ಸಾಕು.

ಗೇಲಿಯ ಬಗ್ಗೆ. ನನಗೆ ಹಾಗನ್ನಿಸುವುದಿಲ್ಲ. ಬಳಸುವವರಲ್ಲಿ ಹೆಚ್ಚಿನವರಿಗೆ ಅದೊಂದು ಅಕ್ಷರ ಎಂಬುದೇ ಗೊತ್ತಿಲ್ಲ. ನಗು ಇರುವುದು ಆ ಮುಖದ ಬಗ್ಗೆ, ಕನ್ನಡದ ಬಗ್ಗೆ ಅಲ್ಲ. ಅದು ಸಲ್ಲುವ ಜಾಗ ನೋಡಿ. 2020ರ ಅಕ್ಟೋಬರಿನಲ್ಲಿ ಆಪಲ್ ಪರಿಸರದ ಕಾರಣ ಹೇಳಿ ಐಫೋನಿನ ಡಬ್ಬಿಯಿಂದ ಚಾರ್ಜರ್ ತೆಗೆಯಿತು. ಸ್ಯಾಮ್‌ಸಂಗ್ ಅದನ್ನು ಅಣಕಿಸಿ ಪೋಸ್ಟ್ ಹಾಕಿ, ಆಮೇಲೆ ಅಳಿಸಿ, 2021ರ ಜನವರಿಯಲ್ಲಿ ಬಂದ ಎಸ್21ಕ್ಕೆ ತಾನೂ ಚಾರ್ಜರ್ ಕೊಡಲಿಲ್ಲ. ಇಂಥ ಸುದ್ದಿಯ ಕೆಳಗೆ ಒಂದು ಠ_ಠ ಹಾಕಿದರೆ ನಾಲ್ಕು ಸಾಲು ಬರೆಯುವ ಕೆಲಸ ಉಳಿಯುತ್ತದೆ. ನಿಜವಾದ ಕೋಪಕ್ಕೆ, ದುಃಖದ ಸುದ್ದಿಗೆ ಇದು ಹೊಂದುವುದಿಲ್ಲ. ನನಗೆ ಬೇಸರವಾಗುವುದು ಒಂದೇ ವಿಷಯಕ್ಕೆ: ಮುಖಗಳ ಪಟ್ಟಿಗಳಲ್ಲಿ ಇದನ್ನು 'ವಿಚಿತ್ರ ಚಿಹ್ನೆ' ಎಂದು ಹಾಕುತ್ತಾರೆ. ಅಂಥದ್ದು ಕಂಡರೆ ಕೆಳಗೆ 'ಇದು ಕನ್ನಡದ ಠ ಅಕ್ಷರ' ಎಂದು ಒಂದು ಸಾಲು ಬರೆಯಿರಿ. ಓದಿದವರು ಖುಷಿಯಿಂದಲೇ ತಿಳಿದುಕೊಳ್ಳುತ್ತಾರೆ.

ಕನ್ನಡದ್ದೇ ಬೇರೆ ಮುಖಗಳೂ ಇವೆ. ಥ_ಥ ಅಳುವ ಮುಖ. ಮಹಾಪ್ರಾಣಕ್ಕೆ ಹೊಟ್ಟೆ ಸೀಳಬೇಕು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ಆ ಸೀಳೇ ಇಲ್ಲಿ ಕೆಳಗಿಳಿಯುವ ಕಣ್ಣೀರು. ಠ‿ಠ ಹಲ್ಲುಕಚ್ಚಿ ನಗುವುದು. ಎಲ್ಲಕ್ಕಿಂತ ಸೊಗಸಾದದ್ದು ಠ_ರೃ. ಒಂದು ಕಣ್ಣಿಗೆ ಮಾತ್ರ ಗಾಜು ಹಾಕಿಕೊಂಡ ಹಳೇ ಕಾಲದ ದೊರೆ. ರ ಆ ಗಾಜು, ಪಕ್ಕದಲ್ಲಿ ಇಳಿಬಿದ್ದ ೃ ಅದರ ಸರಪಳಿ. ಆದರೆ ರೃ ಎರಡು ಸಂಕೇತ ಸೇರಿ ಆದದ್ದು. ಜೋಡಣೆ ಸರಿಯಿಲ್ಲದ ಆ್ಯಪ್‌ಗಳಲ್ಲಿ ಸರಪಳಿ ಕಳಚಿಕೊಂಡು ಚುಕ್ಕಿಚುಕ್ಕಿ ವೃತ್ತದ ಪಕ್ಕ ಕೂರುತ್ತದೆ.

ಇನ್ನು ಟೈಪ್ ಮಾಡುವುದು. ನುಡಿ ತಂತ್ರಾಂಶದ ಕೆ.ಪಿ. ರಾವ್ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಕ್ಯೂ ಒತ್ತಿದರೆ ಠ, ಶಿಫ್ಟ್ ಹಿಡಿದು ಟಿ ಒತ್ತಿದರೆ ಥ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎಂಟರ್ ಪಕ್ಕದ ಉದ್ಧರಣ ಚಿಹ್ನೆಯ ಕೀ ಟ ಕೊಡುತ್ತದೆ, ಶಿಫ್ಟ್ ಜೊತೆ ಠ. ನುಡಿ ಬಳಸುವವರು ಒಂದು ಎಚ್ಚರ ವಹಿಸಬೇಕು: ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದ ಠ ನಿಜವಾದ ಠ ಅಲ್ಲ. ಒಳಗೆ ಇಂಗ್ಲಿಷ್ ಸಂಕೇತವಿದ್ದು, ಮೇಲೆ ಕನ್ನಡದ ಚಿತ್ರ ಅಂಟಿಸಿರುತ್ತದೆ. ಬ್ರೌಸರಿಗೆ ತಂದು ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಯೂನಿಕೋಡ್ ಆಯ್ಕೆಗೆ ಬದಲಿಸಿಯೇ ಹೊಡೆಯಿರಿ. ಕನ್ನಡ ಕೀಲಿಮಣೆಯೇ ಇಲ್ಲದ ಕಡೆ, ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸೊನ್ನೆ, ಸಿ, ಎ, ಸೊನ್ನೆ ಎಂದು ಇಂಗ್ಲಿಷಿನಲ್ಲಿ ಹೊಡೆದು ಆಲ್ಟ್ ಹಿಡಿದು ಎಕ್ಸ್ ಒತ್ತಿ. ಉಬುಂಟುವಿನಂಥ ಲಿನಕ್ಸ್‌ನ ಹೆಚ್ಚಿನ ಕಿಟಕಿಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ಅದೇ ನಾಲ್ಕು ಹೊಡೆದು ಎಂಟರ್. ಫೋನಿನಲ್ಲಿ ಪದೇಪದೇ ಬೇಕಾದರೆ ಕೀಬೋರ್ಡ್ ಸೆಟ್ಟಿಂಗ್ಸ್‌ನ ಪರ್ಸನಲ್ ಡಿಕ್ಷನರಿಯಲ್ಲಿ (ಐಫೋನಿನಲ್ಲಿ ಟೆಕ್ಸ್ಟ್ ರಿಪ್ಲೇಸ್‌ಮೆಂಟ್) ಠ_ಠ ಸೇರಿಸಿ, ಮೂರಕ್ಷರದ ಶಾರ್ಟ್‌ಕಟ್ ಕೊಡಿ. ಆ ಶಾರ್ಟ್‌ಕಟ್ ಯಾವ ಭಾಷೆಯ ಪದವೂ ಆಗಿರಬಾರದು, ಆಗಿದ್ದರೆ ಬೇಡದ ಕಡೆಯೆಲ್ಲ ಮುಖ ಬರುತ್ತದೆ.

ಈಗ ನಿಮ್ಮ ಮುಖ್ಯ ತೊಂದರೆ. ಏನು ಕಾಣುತ್ತಿದೆ ಎಂಬುದರಿಂದಲೇ ಏನಾಗಿದೆ ಎಂದು ಹೇಳಬಹುದು.

ಡಬ್ಬಿ ಕಂಡರೆ ಗಾಬರಿ ಬೇಡ. ಅಕ್ಷರ ಹಾಗೇ ಇದೆ, ಬರೆಯಲು ಫಾಂಟ್ ಇಲ್ಲ ಅಷ್ಟೇ. ವಿಂಡೋಸ್ 8ರಿಂದ ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ. ಅದಕ್ಕೂ ಹಿಂದೆ ತುಂಗಾ ಇತ್ತು, ಎಕ್ಸ್‌ಪಿಯಲ್ಲಿ ಇಂಡಿಕ್ ಲಿಪಿಗಳ ಬೆಂಬಲವನ್ನು ರೀಜನಲ್ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಿತ್ತು. ಲಿನಕ್ಸ್ ಆದರೆ ನೋಟೋ, ಲೋಹಿತ್, ಗುಬ್ಬಿ, ನವಿಲು, ಇವುಗಳಲ್ಲಿ ಯಾವುದಾದರೂ ಒಂದು ಕನ್ನಡ ಫಾಂಟ್ ಹಾಕಿ. ಗೂಗಲ್‌ನ ನೋಟೋಗೆ ಆ ಹೆಸರು ಬಂದದ್ದೇ ಈ ಡಬ್ಬಿಗಳಿಂದ. ಟೋಫುವಿನಂತೆ ಕಾಣುವ ಡಬ್ಬಿ ಇನ್ನು ಬೇಡ ಎಂಬುದು ಅದರ ಅರ್ಥ.

?_? ಕಂಡರೆ ಅಕ್ಷರ ಹೋಯಿತು. ಕನ್ನಡ ಗೊತ್ತಿಲ್ಲದ ಸಂಕೇತ ವ್ಯವಸ್ಥೆಗೆ ಬದಲಾಯಿಸುವಾಗ ಯಾವುದೋ ತಂತ್ರಾಂಶ ಠ ತೆಗೆದು ಪ್ರಶ್ನಾರ್ಥಕ ಚಿಹ್ನೆ ಬರೆದಿದೆ. ಫಾಂಟ್ ಎಷ್ಟು ಹಾಕಿದರೂ ವಾಪಸ್ ಬರುವುದಿಲ್ಲ, ಮೂಲದಿಂದಲೇ ಮತ್ತೆ ತರಬೇಕು. ಆಫೀಸುಗಳಲ್ಲಿ ಸಾಮಾನ್ಯ ಕಾರಣ ಲ್ಯಾಟಿನ್ ಸಂಕೇತಕ್ಕೆ ಇಟ್ಟಿರುವ ಡೇಟಾಬೇಸ್ ಕಾಲಂ. ಗಮನಿಸಿ, ಯುಟಿಎಫ್8 ಎಂದರೆ ಯೂನಿಕೋಡ್ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಕ್ರಮ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಹಳೆಯ ಮೂರು ಬೈಟಿನ ಯುಟಿಎಫ್8 ಕಾಲಂನಲ್ಲಿ ನಾಲ್ಕು ಬೈಟಿನ ಎಮೋಜಿ ಹಿಡಿಸುವುದಿಲ್ಲ, ಠ ಹಿಡಿಸುತ್ತದೆ. ಅದಕ್ಕೆ ಬೇಕಾಗುವುದು ಮೂರೇ ಬೈಟು.

ಮೂರನೆಯದು, ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಸಣ್ಣ 2, ಆಮೇಲೆ ಖಾಲಿ ಜಾಗ. ಇದು ಯುಟಿಎಫ್8 ಪಠ್ಯವನ್ನು ಹಳೆಯ ವಿಂಡೋಸ್ ಸಂಕೇತವೆಂದು ತಪ್ಪಾಗಿ ಓದಿದ್ದು. ಠ ಅಕ್ಷರದ ಮೂರು ಬೈಟೂ ಒಂದೊಂದು ಅಕ್ಷರವಾಗಿ ಬಿಡಿಬಿಡಿಯಾಗಿ ಕಂಡಿವೆ. ಪುಟದ ತುಂಬ ಆ ಗೀಟಿನ ಎ ಸಾಲಾಗಿ ನಿಂತಿದ್ದರೆ ಅದು ಬಹುತೇಕ ನಮ್ಮ ಕಡೆಯ ಯಾವುದೋ ಭಾಷೆಯ ಪಠ್ಯ, ಪಕ್ಕದಲ್ಲಿ ಸಣ್ಣ 2 ಅಥವಾ ಸಣ್ಣ 3 ಇದ್ದರೆ ಕನ್ನಡ ಇರಬಹುದು. ಎಕ್ಸೆಲ್‌ನಲ್ಲಿ ಸಿಎಸ್‌ವಿ ಫೈಲನ್ನು ನೇರವಾಗಿ ಎರಡು ಸಲ ಕ್ಲಿಕ್ ಮಾಡಿ ತೆರೆದಾಗ ಹೀಗಾಗುತ್ತದೆ. ಹಾಗೆ ತೆರೆಯಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಟ್ಯಾಬಿನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ, ಫೈಲ್ ಒರಿಜಿನ್ ಎಂಬಲ್ಲಿ 65001 (ಅಂದರೆ ಯುಟಿಎಫ್8) ಆರಿಸಿ. ಕೆಟ್ಟ ರೂಪದಲ್ಲೇ ಸೇವ್ ಮಾಡಿಬಿಟ್ಟರೆ ಠ ವಿಶೇಷವಾಗಿ ಅಪಾಯದಲ್ಲಿದೆ. ಅದರ ಮೂರನೇ ಬೈಟು ಆ ಹಳೆಯ ಸಂಕೇತದಲ್ಲಿ 'ಮುರಿಯಬಾರದ ಖಾಲಿ ಜಾಗ'. ಖಾಲಿ ಜಾಗ ಚೊಕ್ಕಟ ಮಾಡುವ ಯಾವುದೇ ತಂತ್ರಾಂಶ ಅದನ್ನು ಸಾಮಾನ್ಯ ಖಾಲಿ ಜಾಗ ಮಾಡಿಬಿಟ್ಟರೆ, ಹಿಂದಕ್ಕೆ ತಿರುಗಿಸುವಾಗ ಠ ಸಿಗುವುದಿಲ್ಲ. ಥ ಅಕ್ಷರದ ಮೂರನೇ ಬೈಟು ಅಲ್ಲಿ ಯೆನ್ ನಾಣ್ಯದ ಚಿಹ್ನೆ, ಯಾರೂ ಮುಟ್ಟುವುದಿಲ್ಲ. ಅದೇ ಫೈಲಿನಲ್ಲಿ ಥ_ಥ ಉಳಿದು ಠ_ಠ ಸಾಯುವುದು ಇದಕ್ಕೇ.

ಪ್ರೋಗ್ರಾಮಿಂಗ್ ತಮಾಷೆಗಳಲ್ಲಿ ಠ_ಠ ಹೆಸರಿನ ವೇರಿಯಬಲ್ (ಪ್ರೋಗ್ರಾಮಿನಲ್ಲಿ ಒಂದು ಬೆಲೆಗೆ ಕೊಡುವ ಹೆಸರು) ನೋಡಿರಬಹುದು. ಅದು ಸುಳ್ಳಲ್ಲ. ಯೂನಿಕೋಡ್ ಪ್ರಕಾರ ಠ ಅಕ್ಷರ, ಚಿಹ್ನೆ ಅಲ್ಲ. ಹಾಗಾಗಿ ಜಾವಾಸ್ಕ್ರಿಪ್ಟ್, ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಗಳೆರಡೂ ಅದನ್ನು ಹೆಸರಾಗಿ ಒಪ್ಪುತ್ತವೆ. ಠ‿ಠ ಸಹ ನಡೆಯುತ್ತದೆ, ಆ ಬಾಗಿದ ಗೆರೆಯೂ ಅಡಿಗೆರೆಯ ವರ್ಗದ್ದೇ. ಆದರೆ ಪೈಥಾನ್ ಹೆಸರುಗಳನ್ನು ಒಂದೇ ರೂಪಕ್ಕೆ ತರುತ್ತದೆ. ಅಲೆಯಂಥ ಬಾಯಿಯ ಥ﹏ಥ ಮತ್ತು ನೇರ ಬಾಯಿಯ ಥ_ಥ ಅದಕ್ಕೆ ಒಂದೇ ವೇರಿಯಬಲ್, ಒಂದರ ಬೆಲೆ ಇನ್ನೊಂದನ್ನು ಅಳಿಸಿಬಿಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅವು ಬೇರೆಬೇರೆ.

ಇಂಗ್ಲಿಷ್ ಎಸ್ಸೆಮ್ಮೆಸ್‌ಗೆ ಠ ಹಾಕುವ ಮುನ್ನ ಯೋಚಿಸಿ. ಒಂದೇ ಒಂದು ಠ ಬಂದರೂ ಇಡೀ ಸಂದೇಶ ಬೇರೆ ಸಂಕೇತಕ್ಕೆ ಹೋಗಿ, 160 ಅಕ್ಷರದ ಮಿತಿ 70ಕ್ಕೆ ಇಳಿಯುತ್ತದೆ. ನೂರು ಅಕ್ಷರದ ಸಂದೇಶ ಎರಡಾಗಿ, ಎರಡರ ದುಡ್ಡು ಹೋಗಬಹುದು.

ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಇದನ್ನು ಮುಖವೆಂದು ಓದುವುದಿಲ್ಲ. ಕನ್ನಡದ ದನಿ ಇದ್ದರೆ 'ಠ, ಅಂಡರ್‌ಸ್ಕೋರ್, ಠ' ಎಂದೀತು, ಇಂಗ್ಲಿಷ್ ದನಿ ಮಾತ್ರ ಇದ್ದರೆ ಅಕ್ಷರವನ್ನೇ ಬಿಟ್ಟುಬಿಡಬಹುದು. ಆದ್ದರಿಂದ ಮಾತಿನ ತೂಕವೆಲ್ಲ ಮುಖದ ಮೇಲೇ ಇದ್ದರೆ, ಜೊತೆಗೆ ಒಂದು ಪದವನ್ನೂ ಬರೆಯಿರಿ. ಕನ್ನಡದಲ್ಲೇ ಬರೆಯುವಾಗ ಮುಖಕ್ಕೂ ಹಿಂದಿನ ಪದಕ್ಕೂ ನಡುವೆ ಜಾಗ ಬಿಡಿ. 'ಹೌದಾಠ_ಠ' ಎಂದು ಅಂಟಿಸಿದರೆ ನಮ್ಮ ಕಣ್ಣು ಅದನ್ನು ಮೊದಲು ಓದಲು ಹೋಗುತ್ತದೆ. 'ಹೌದಾ ಠ_ಠ' ಎಂದರೆ ನೋಡುತ್ತದೆ.