ಗಾರೆ ಕಮ್ಮಟ: ಉಪನ್ಯಾಸಕ್ಕಿಂತ ಮೊದಲು ಕರಣೆ ಕೊಡಿ

ನಮಸ್ಕಾರ. ಹಳೆಯ ಕಟ್ಟಡಗಳ ದುರಸ್ತಿಯನ್ನು ಜನರಿಗೆ ಕಲಿಸಲು ಮೊದಲು ನಾಲ್ಕು ಉಪನ್ಯಾಸ, ಕೊನೆಗೆ ಒಂದು ದಿನದ ಕಮ್ಮಟ ಎಂದು ಯೋಜಿಸಿದ್ದೀರಿ. ಆ ಒಂದೇ ದಿನದಲ್ಲಿ ಗಾರೆ, ಮರಗೆಲಸ, ಹೆಂಚು, ಬಣ್ಣ ಎಲ್ಲವೂ ಇರಲಿ ಎಂದೂ ಬರೆದಿದ್ದೀರಿ. ನೀವು ಇದಕ್ಕೆ ಕೈ ಹಾಕುತ್ತಿರುವುದು ನನಗೆ ತುಂಬ ಸಂತೋಷದ ಸಂಗತಿ. ಆದರೆ ಕ್ರಮವನ್ನು ತಿರುವಿ ಹಾಕಿ. ಮೊದಲ ದಿನವೇ ಕರಣೆ ಹಿಡಿಸಿ, ಉಪನ್ಯಾಸ ಆಮೇಲೆ ಬರಲಿ. ಕೈ ಎಲ್ಲಿ ತಡವರಿಸಿತು ಎಂದು ಗೊತ್ತಾದವರು ಉಪನ್ಯಾಸಕ್ಕೆ ಪ್ರಶ್ನೆ ಇಟ್ಟುಕೊಂಡು ಬರುತ್ತಾರೆ. ಕಸುಬು ಕೂಡ ಸದ್ಯಕ್ಕೆ ಒಂದೇ ಸಾಕು: ಸುಣ್ಣದ ಗಾರೆ.

ಗಾರೆಯೇ ಏಕೆಂದರೆ, ಹಳೆಯ ಗೋಡೆಗಳನ್ನು ಕೆಡಿಸುವುದರಲ್ಲಿ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಸಿಮೆಂಟ್ ದುರಸ್ತಿಗೆ ದೊಡ್ಡ ಪಾಲಿದೆ. ಗೋಡೆಯೊಳಗಿನ ತೇವ ಇಟ್ಟಿಗೆಗಳ ನಡುವೆ ಸುಣ್ಣದ ಗಾರೆ ತುಂಬಿದ ಸಂದುಗಳ ಮೂಲಕ ಹೊರಬಂದು ಆರುತ್ತದೆ. ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಆ ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗುತ್ತದೆ. ಅದರ ಜೊತೆ ಬಂದ ಉಪ್ಪು ಇಟ್ಟಿಗೆಯ ಮೇಲ್ಪದರದಲ್ಲಿ ಹರಳುಗಟ್ಟಿ, ಮುಖವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಸಂದು ಯಾವಾಗಲೂ ಇಟ್ಟಿಗೆಗಿಂತ ಮೆದುವಾಗಿರಬೇಕು. ಇದೊಂದು ಮನಸ್ಸಿಗೆ ಇಳಿದರೂ ಕಮ್ಮಟ ಸಾರ್ಥಕ.

ಬೆಳಗ್ಗೆ ಈ ಪ್ರಯೋಗದಿಂದ ಶುರುಮಾಡಿ. ಒಂದು ಪಾತ್ರೆಗೆ ಒಣ ಮರಳನ್ನು ಅಂಚಿನವರೆಗೆ ತುಂಬಿ, ಮರಳಿನ ಮಟ್ಟಕ್ಕೆ ಬರುವವರೆಗೆ ಅಳೆದ ನೀರು ಹಾಕಿಸಿ. ಹಿಡಿಯುವ ನೀರು ಸುಮಾರು ಪಾತ್ರೆಯ ಮೂರನೆಯ ಒಂದು ಭಾಗ. ಮರಳಿನ ಕಣಗಳ ನಡುವೆ ಇರುವ ಜಾಗ ಅಷ್ಟು. ಅದನ್ನು ತುಂಬಲು ಸುಣ್ಣ ಬೇಕು, ಆದ್ದರಿಂದಲೇ ಒಂದು ಅಳತೆ ಸುಣ್ಣಕ್ಕೆ ಮೂರು ಅಳತೆ ಮರಳು. ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ. ಬೇರೆ ಬೇರೆ ಮರಳು ತಂದಿಟ್ಟರೆ ಅಳತೆ ಹೇಗೆ ಬದಲಾಗುತ್ತದೆ ಎಂಬುದನ್ನೂ ಅವರೇ ಕಾಣುತ್ತಾರೆ.

ಸುಟ್ಟ ಸುಣ್ಣ ಅರಳಿಸುವುದನ್ನು, ಎಂದರೆ ನೀರಿನಲ್ಲಿ ಕರಗಿಸಿ ಹದಮಾಡುವುದನ್ನು, ಕಲಿಸುವವರೇ ಮಾಡಿ ತೋರಿಸಲಿ, ಕಲಿಯುವವರು ದೂರ ನಿಂತು ನೋಡಲಿ. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ನೋಡುವವರಿಗೂ ಕಣ್ಣಿನ ರಕ್ಷಣೆಯ ಕನ್ನಡಕ ಕಡ್ಡಾಯ, ಕಣ್ಣು ತೊಳೆಯಲು ಶುದ್ಧ ನೀರು ಕೈಗೆಟಕುವಲ್ಲಿರಬೇಕು. ಕಲಿಕೆಗೆ ಮೊದಲೇ ಅರಳಿಸಿಟ್ಟ ಸುಣ್ಣ ಬಳಸಿ. ನೀರಿನಡಿ ಮುಚ್ಚಿಟ್ಟರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ.

ಮೊದಲ ಪಾಠ ಹಳೆಯ ಕಟ್ಟಡದ ಮೇಲೆ ಬೇಡವೇ ಬೇಡ. ಸೊಂಟದೆತ್ತರದ ಒಂದು ಅಭ್ಯಾಸದ ಗೋಡೆ ಕಟ್ಟಿಸಿ. ಸಂದನ್ನು ಅದರ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಉಳಿ, ಸುತ್ತಿಗೆಯಿಂದ ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ, ಗಾರೆಯನ್ನು ಒತ್ತಿ ತುಂಬಬೇಕು. ತಿರುಗುವ ವಿದ್ಯುತ್ ಗರಗಸವನ್ನು ಹತ್ತಿರ ತರಬೇಡಿ. ಅಭ್ಯಾಸವಿಲ್ಲದ ಕೈಯಲ್ಲಿ ಅದು ಇಟ್ಟಿಗೆಯ ಅಂಚನ್ನೇ ಕತ್ತರಿಸುತ್ತದೆ. ಕೆಲಸ ಮುಗಿದ ಮೇಲೆ ಒದ್ದೆ ಗೋಣಿತಾಟು ಮುಚ್ಚಿ ಕೆಲವು ದಿನ ತೇವ ಕಾಯುವ ಹೊಣೆಯನ್ನು ಯಾರಿಗಾದರೂ ಹೆಸರು ಹೇಳಿ ಒಪ್ಪಿಸಿ.

ಕಲಿಸುವವರ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ನುರಿತ ಗಾರೆ ಕೆಲಸಗಾರರನ್ನು ಉಪನ್ಯಾಸಕರ ಸಹಾಯಕರಂತೆ ಕೂರಿಸಬೇಡಿ. ಆಹ್ವಾನಪತ್ರದಲ್ಲಿ ಗುರು ಎಂದು ಅವರ ಹೆಸರೇ ಇರಲಿ, ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಅವರಿಗೂ ಸಲ್ಲಲಿ. ಅವರ ತಿಳಿವಳಿಕೆ ಹೆಚ್ಚಾಗಿ ಕೈಯಲ್ಲಿರುತ್ತದೆ. ಆದ್ದರಿಂದ ಪಕ್ಕದಲ್ಲಿ ಒಬ್ಬರು ನಿಂತು, “ಈಗ ನೀರು ಏಕೆ ಚಿಮುಕಿಸಿದಿರಿ? ಇಷ್ಟು ಸಾಕು ಎಂದು ಹೇಗೆ ತಿಳಿಯಿತು?” ಎಂದು ಕೇಳುತ್ತಿರಬೇಕು. ಒಬ್ಬ ಗುರುವಿಗೆ ಆರೆಂಟು ಮಂದಿಗಿಂತ ಹೆಚ್ಚು ಬೇಡ.

ಉಪನ್ಯಾಸ ನಾಲ್ಕರ ಬದಲು ಎರಡಿರಲಿ. ಒಂದು, ಎಷ್ಟು ಕೈ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರ ಬಗ್ಗೆ. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂದು ಸ್ಮಾರಕಗಳ ಸಂರಕ್ಷಣೆ ಕುರಿತ ಅಂತರರಾಷ್ಟ್ರೀಯ ಒಪ್ಪಿತ ಸೂತ್ರಗಳಾದ 1964ರ ವೆನಿಸ್ ಸನ್ನದು ಹೇಳುತ್ತದೆ. ಆ ಮಾತನ್ನು ಯಾವುದಾದರೂ ಒಂದು ಕಟ್ಟಡದ ಹಳೆಯ ಚಿತ್ರಗಳನ್ನಿಟ್ಟುಕೊಂಡು ಚರ್ಚಿಸಿದರೆ ಒಂದು ಸಂಜೆ ಸಾಲದು.

ಇನ್ನೊಂದು ಸುಣ್ಣದ ರಸಾಯನ. ಅದನ್ನು ಒಂದು ತಿಂಗಳ ನಂತರ, ಅದೇ ಅಭ್ಯಾಸದ ಗೋಡೆಯ ಮುಂದೆ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ತಾವು ತುಂಬಿದ ಸಂದನ್ನು ಉಗುರಿನಿಂದ ಕೆರೆದು ನೋಡಲಿ. ಹುಡಿ ಏಳುತ್ತಿದ್ದರೆ ಅಥವಾ ಕೂದಲೆಳೆಯ ಬಿರುಕುಗಳಿದ್ದರೆ ಅದು ಬೇಗ ಒಣಗಿರುವ ಸಾಧ್ಯತೆ ಹೆಚ್ಚು. ಆಮೇಲೆ ಒಂದು ತುಂಡನ್ನು ಮುರಿದು, ಮುರಿದ ಮುಖದ ಮೇಲೆ ಫಿನಾಲ್ಫ್ಥಲೀನ್ (ಕ್ಷಾರ ತಾಕಿದರೆ ಗುಲಾಬಿಯಾಗುವ ದ್ರಾವಣ) ಹನಿ ಬಿಡಿ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾದ ಅಂಚಿಗೆ ಬಣ್ಣ ಬರುವುದಿಲ್ಲ, ಇನ್ನೂ ಆಗದ ಒಳಭಾಗ ಗಾಢ ಗುಲಾಬಿಯಾಗುತ್ತದೆ. ಉಪನ್ಯಾಸವನ್ನು ಅಲ್ಲಿಂದ ಶುರುಮಾಡಲು ಹೇಳಿ.